ಓಡುತ್ತಿರುವ ಸ್ಟ್ಯಾಕಿಗೆ ಇನ್ನೊಂದು ಕೇಬಲ್

(ಶಿವಮೊಗ್ಗದಲ್ಲಿ, ಕಾಲೇಜು, ಆಸ್ಪತ್ರೆ, ಸಹಕಾರ ಸಂಘಗಳ ನೆಟ್‌ವರ್ಕ್ ನೋಡಿಕೊಳ್ಳುವವರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಮಾತಾಡಿದ ಧಾಟಿಯಲ್ಲೇ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ತುಂಬಾ ಜನರ ರ್ಯಾಕಿನಲ್ಲಿ ಮೂರೋ ನಾಲ್ಕೋ ನೆಟ್‌ವರ್ಕ್ ಸ್ವಿಚ್ಚುಗಳ ಒಂದು ಸ್ಟ್ಯಾಕ್ ಇರುತ್ತದೆ, ಅಂದರೆ ಕೇಬಲ್ಲಿನಲ್ಲಿ ಜೋಡಿಸಿ ಒಂದೇ ಸ್ವಿಚ್ಚಿನ ಹಾಗೆ ಓಡಿಸುವ ಗುಂಪು. ಇವತ್ತು ಆಫೀಸಿಗೆ ವಾಪಸ್ ಹೋದ ಮೇಲೆ ರ್ಯಾಕಿನ ಹಿಂದೆ ಟಾರ್ಚ್ ಹಿಡಿದು ನೋಡಿ. ಒಂದರಿಂದ ಎರಡಕ್ಕೆ ಒಂದು ಕೇಬಲ್, ಎರಡರಿಂದ ಮೂರಕ್ಕೆ ಒಂದು, ಮೂರರಿಂದ ನಾಲ್ಕಕ್ಕೆ ಒಂದು. ಅಲ್ಲಿಗೆ ಮುಗಿಯಿತು. ಮೇಲಿನ ಸ್ವಿಚ್ಚಿನಲ್ಲಿ ಒಂದು ಸ್ಟ್ಯಾಕ್ ಪೋರ್ಟ್ ಖಾಲಿ ಇರುತ್ತದೆ, ಕೆಳಗಿನದರಲ್ಲೂ ಒಂದು ಖಾಲಿ ಇರುತ್ತದೆ. ಆ ಎರಡರ ನಡುವೆ ಒಂದು ಕೇಬಲ್ ಇರಬೇಕಿತ್ತು. ಯಾರೂ ಹಾಕಿರುವುದಿಲ್ಲ.

ಯಾಕೆ ಹಾಕಿಲ್ಲ ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಒಂದು, "ಓಡ್ತಾ ಇದೆಯಲ್ಲ ಸಾರ್, ಸುಮ್ನೆ ಯಾಕೆ ಮುಟ್ಟೋದು". ಇನ್ನೊಂದು, "ಅದನ್ನ ಹಾಕ್ಬೇಕು ಅಂದ್ರೆ ಸ್ಟ್ಯಾಕ್ ಪೂರ್ತಿ ಆಫ್ ಮಾಡ್ಬೇಕು, ಅಷ್ಟು ಹೊತ್ತು ನೆಟ್‌ವರ್ಕ್ ನಿಲ್ಲಿಸೋಕೆ ಯಾರೂ ಒಪ್ಪಲ್ಲ". ಎರಡನೆಯದು ಸರಿಯಲ್ಲ, ಅದನ್ನು ಹೇಳುವುದಕ್ಕೇ ನಾನು ಬಂದಿರುವುದು. ಆ ಕೊನೆಯ ಕೇಬಲ್ ಹಾಕಲು ಯಾವ ಸ್ವಿಚ್ಚನ್ನೂ ಆಫ್ ಮಾಡಬೇಕಿಲ್ಲ. ಹಗಲು ಹೊತ್ತಿನಲ್ಲಿ, ಎಲ್ಲರೂ ಕೆಲಸ ಮಾಡುತ್ತಿರುವಾಗಲೇ ಹಾಕಬಹುದು. ಆದರೆ ಇದರ ಪಕ್ಕದಲ್ಲೇ, ನೋಡಲು ಥೇಟ್ ಹೀಗೇ ಕಾಣುವ ಇನ್ನೊಂದು ಕೆಲಸ ಇದೆ. ಅದೇ ಕೇಬಲ್, ಅದೇ ಪೋರ್ಟ್, ಆದರೆ ಹಾಕಿದ ತಕ್ಷಣ ಅರ್ಧ ಕಟ್ಟಡದ ನೆಟ್‌ವರ್ಕ್ ಬಿದ್ದು ಹೋಗುತ್ತದೆ. ಇವೆರಡರ ವ್ಯತ್ಯಾಸ ಗೊತ್ತಿದ್ದರೆ ಭಯ ಪಡುವ ಕಾರಣ ಇಲ್ಲ.

ನಾನು ಜಾಸ್ತಿ ಸಿಸ್ಕೋ ಕಂಪನಿಯ ಸ್ಟ್ಯಾಕುಗಳ ಬಗ್ಗೆ ಮಾತಾಡುತ್ತೇನೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಸೆಕೆಂಡ್ ಹ್ಯಾಂಡ್ ತಂದ 3750 ಸ್ವಿಚ್ಚುಗಳು ನಮ್ಮ ಕಡೆ ಇನ್ನೂ ಓಡುತ್ತಿವೆ, 2960 ಎಕ್ಸ್ ಇದೆ, ದುಡ್ಡಿದ್ದ ಕಡೆ 9300 ಇದೆ. 3750, 9300ರ ಸ್ಟ್ಯಾಕ್ ವ್ಯವಸ್ಥೆಗೆ ಸ್ಟ್ಯಾಕ್‌ವೈಸ್ ಅಂತ ಹೆಸರು, 2960 ಎಕ್ಸ್‌ನದಕ್ಕೆ ಫ್ಲೆಕ್ಸ್‌ಸ್ಟ್ಯಾಕ್. ಬೇರೆ ಕಂಪನಿಯವರ ಸ್ಟ್ಯಾಕಿನ ಬಗ್ಗೆ ಆಮೇಲೆ ಸ್ವಲ್ಪ ಹೇಳುತ್ತೇನೆ.

ಮೊದಲು ಒಂದು ಎಚ್ಚರಿಕೆ. ನೀವು ಸ್ಟ್ಯಾಕ್ ಅಂತ ಕರೆಯುತ್ತಿರುವುದು ನಿಜವಾಗಿ ಸ್ಟ್ಯಾಕೇ ಹೌದಾ ಅಂತ ನೋಡಿಕೊಳ್ಳಿ. ಒಂದರ ಮೇಲೊಂದು ಸ್ವಿಚ್ ಇಟ್ಟು ಮಾಮೂಲಿ ಪ್ಯಾಚ್ ಕಾರ್ಡಿನಲ್ಲಿ ಜೋಡಿಸಿದ್ದನ್ನೂ ನಮ್ಮಲ್ಲಿ ಸ್ಟ್ಯಾಕ್ ಅಂತಲೇ ಕರೆಯುತ್ತಾರೆ. ಅದು ಸ್ಟ್ಯಾಕ್ ಅಲ್ಲ, ಬೇರೆಬೇರೆ ಸ್ವಿಚ್ಚುಗಳ ಸಾಲು. ಅಲ್ಲಿ ಮೇಲಿನದಕ್ಕೂ ಕೆಳಗಿನದಕ್ಕೂ ಇನ್ನೊಂದು ಪ್ಯಾಚ್ ಕಾರ್ಡ್ ಹಾಕಿದರೆ, ಸ್ಪ್ಯಾನಿಂಗ್ ಟ್ರೀ (ಎರಡು ದಾರಿ ಇದ್ದರೆ ಒಂದನ್ನು ತಡೆಯುವ ವ್ಯವಸ್ಥೆ) ಇಲ್ಲದಿದ್ದರೆ, ಲೂಪ್ ಆಗುತ್ತದೆ, ಅಂದರೆ ಡೇಟಾ ಸುತ್ತುತ್ತಲೇ ಇರುತ್ತದೆ. ಎಲ್ಲಾ ಪೋರ್ಟಿನ ದೀಪಗಳೂ ಒಟ್ಟಿಗೆ ಹುಚ್ಚು ಹಿಡಿದ ಹಾಗೆ ಮಿಣುಕುತ್ತವೆ, ಒಂದು ಪಿಂಗ್ (ಆ ಕಡೆ ಮುಟ್ಟುತ್ತಾ ಅಂತ ನೋಡುವ ಪುಟ್ಟ ಸಂದೇಶ) ಕೂಡ ಹೋಗುವುದಿಲ್ಲ. ನಿಜವಾದ ಸ್ಟ್ಯಾಕಿನಲ್ಲಿ ಎಲ್ಲಾ ಸ್ವಿಚ್ಚೂ ಸೇರಿ ಒಂದೇ ಸ್ವಿಚ್ ಆಗಿರುತ್ತವೆ. ಒಂದೇ ಐಪಿ ವಿಳಾಸ, ಒಂದೇ ಕಾನ್ಫಿಗರೇಶನ್ (ಸೆಟ್ಟಿಂಗುಗಳು), ಉಳಿದವನ್ನು ನಡೆಸುವ ಒಂದು ಮಾಸ್ಟರ್. ಲಾಗಿನ್ ಆಗಿ "ಶೋ ಸ್ವಿಚ್" ಅಂತ ಕೊಟ್ಟರೆ ಅಷ್ಟೂ ಸ್ವಿಚ್ಚುಗಳ ಪಟ್ಟಿ ಬರಬೇಕು. ಬರದಿದ್ದರೆ ಅಲ್ಲಿಗೇ ನಿಲ್ಲಿಸಿ.

ಸರಪಳಿಗೂ ಉಂಗುರಕ್ಕೂ ಏನು ವ್ಯತ್ಯಾಸ

ಕೊನೆಯ ಕೇಬಲ್ ಇಲ್ಲದಿದ್ದರೆ ಅದು ಸರಪಳಿ. ಹಾಕಿದರೆ ಉಂಗುರ. ಸರಪಳಿಯಲ್ಲೂ ಎಲ್ಲವೂ ಕೆಲಸ ಮಾಡುತ್ತದೆ, ಅದೇ ತೊಂದರೆ, ಯಾರಿಗೂ ಕೊರತೆ ಗೊತ್ತಾಗುವುದೇ ಇಲ್ಲ. 3750ಯಲ್ಲಿ ಉಂಗುರ ಪೂರ್ತಿ ಇದ್ದರೆ ಸ್ಟ್ಯಾಕಿನ ಸಾಮರ್ಥ್ಯ 32 ಜಿಬಿಪಿಎಸ್, ಇಲ್ಲದಿದ್ದರೆ ಅರ್ಧ, ಅಂದರೆ 16. ನಮ್ಮ ಆಫೀಸುಗಳ ಟ್ರಾಫಿಕ್ಕಿಗೆ 16 ಸಾಕಾದೀತು. ಹಾಗಾಗಿ ವೇಗಕ್ಕೋಸ್ಕರ ಕೇಬಲ್ ಹಾಕಿ ಅಂತ ನಾನು ಹೇಳುತ್ತಿಲ್ಲ.

ನಾನು ಹೇಳುವುದು ನಡುವಿನ ಒಂದು ಸ್ವಿಚ್ ಸತ್ತರೆ ಏನಾಗುತ್ತದೆ ಎನ್ನುವುದರ ಬಗ್ಗೆ. ನಮ್ಮ ಊರಿನಲ್ಲಿ ಇದು ಕಲ್ಪನೆ ಅಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಿಮಗೆಲ್ಲ ಗೊತ್ತು. ಸಿಡಿಲು ಎಲ್ಲೋ ದೂರದ ಕಂಬಕ್ಕೆ ಬಡಿಯುತ್ತದೆ, ಇಲ್ಲಿ ಒಂದು ಪವರ್ ಸಪ್ಲೈ ಸುಟ್ಟು ಹೋಗುತ್ತದೆ. ಆಮೇಲೆ ಜೂನ್‌ನಿಂದ ಮರ ಬಿದ್ದು ಲೈನ್ ಕಟ್, ಕರೆಂಟ್ ಹೋಗೋದು ಬರೋದು, ಯುಪಿಎಸ್ ಬ್ಯಾಟರಿ ಸುಸ್ತಾಗೋದು. ನಾಲ್ಕರ ಸರಪಳಿಯಲ್ಲಿ ಎರಡನೆಯದು ಸತ್ತಿತು ಅಂದುಕೊಳ್ಳಿ. ಒಂದನೆಯದು ಒಂಟಿಯಾಗುತ್ತದೆ, ಮೂರು ಮತ್ತು ನಾಲ್ಕು ಇನ್ನೊಂದು ಗುಂಪಾಗುತ್ತವೆ. ಮಾಸ್ಟರ್ ಒಂದನೆಯದಾಗಿದ್ದರೆ, ಮೂರು-ನಾಲ್ಕು ಸೇರಿ ತಮಗೊಂದು ಹೊಸ ಮಾಸ್ಟರ್ ಆರಿಸಿಕೊಳ್ಳುತ್ತವೆ. ಅವರ ಹತ್ತಿರವೂ ಅದೇ ಕಾನ್ಫಿಗರೇಶನ್ ಇದೆ, ಅದೇ ಐಪಿ ಇದೆ. ಈಗ ಒಂದೇ ಐಪಿ ಹೇಳಿಕೊಂಡು ಎರಡು ಸ್ಟ್ಯಾಕ್ ಓಡುತ್ತಿವೆ. ಅಪ್‌ಲಿಂಕ್ (ಸ್ಟ್ಯಾಕಿನಿಂದ ಮುಖ್ಯ ನೆಟ್‌ವರ್ಕಿಗೆ ಹೋಗುವ ಕೇಬಲ್) ಒಂದನೆಯದರಲ್ಲಿ ಮಾತ್ರ ಇದ್ದರೆ ಮೂರು-ನಾಲ್ಕರಲ್ಲಿರುವ ಎಲ್ಲರಿಗೂ ನೆಟ್‌ವರ್ಕ್ ಪೂರ್ತಿ ಇಲ್ಲ. ಎರಡೂ ಕಡೆ ಅಪ್‌ಲಿಂಕ್ ಇದ್ದರೆ ಇನ್ನೂ ಕಷ್ಟ, ಯಾಕೆಂದರೆ ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಬಂದವರಿಗೂ ಹೋಗಿ ಹೋಗಿ ಬರುತ್ತದೆ. ಒಂದು ಪವರ್ ಸಪ್ಲೈ ಹೋಗಿದ್ದಕ್ಕೆ 24 ಪೋರ್ಟೋ 48 ಪೋರ್ಟೋ ಹೋಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಹೋಗಿದ್ದು ಇಡೀ ಕಟ್ಟಡ.

ಉಂಗುರ ಇದ್ದಿದ್ದರೆ? ಎರಡನೆಯದು ಸತ್ತರೂ ಒಂದರಿಂದ ನಾಲ್ಕಕ್ಕೆ ಹಿಂದಿನಿಂದ ದಾರಿ ಇದೆ. ಒಂದು, ನಾಲ್ಕು, ಮೂರು ಸೇರಿ ಸರಪಳಿಯಾಗಿ ಓಡುತ್ತಲೇ ಇರುತ್ತವೆ. ಮಾಸ್ಟರ್ ಬದಲಾಗುವುದಿಲ್ಲ. ಎರಡನೆಯದಕ್ಕೆ ನೇರವಾಗಿ ಜೋಡಿಸಿದವರಿಗೆ ಮಾತ್ರ ತೊಂದರೆ. ಅಷ್ಟೇ ಅಲ್ಲ, ಸತ್ತ ಸ್ವಿಚ್ಚನ್ನು ಬಿಚ್ಚಿ, ಹೊಸದನ್ನು ಆಫ್ ಇರುವಾಗಲೇ ಎರಡೂ ಕೇಬಲ್ ಜೋಡಿಸಿ ಆನ್ ಮಾಡಿದರೆ ಅದು ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಉಳಿದವರಿಗೆ ಗೊತ್ತೂ ಆಗುವುದಿಲ್ಲ. ಸಾಫ್ಟ್‌ವೇರ್ ವರ್ಷನ್ ಮಾತ್ರ ಒಂದೇ ಇರಬೇಕು, ಇಲ್ಲದಿದ್ದರೆ ವರ್ಷನ್ ಮಿಸ್‌ಮ್ಯಾಚ್ ಅಂತ ಹೊರಗೇ ನಿಂತು ಬಿಡಬಹುದು.

ಯಾವ ಕೇಬಲ್ ಸುರಕ್ಷಿತ, ಯಾವುದು ಅಲ್ಲ

ಇವತ್ತಿನ ಮಾತಿನಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೇಬಲ್ಲಿನ ಎರಡೂ ತುದಿ ಸೇರುವ ಸ್ವಿಚ್ಚುಗಳು ಈಗಾಗಲೇ ಒಂದೇ ಸ್ಟ್ಯಾಕಿನಲ್ಲಿ ಇದ್ದರೆ, ಓಡುತ್ತಿರುವಾಗಲೇ ಹಾಕಬಹುದು. ಅವರಿಬ್ಬರಿಗೂ ಒಬ್ಬನೇ ಮಾಸ್ಟರ್. ಹೊಸ ಕೇಬಲ್ ಬಂದರೆ ಹೊಸ ದಾರಿ ಬಂತು ಅಷ್ಟೇ, ಹೊಸ ಮಾಸ್ಟರ್ ಆರಿಸುವ ಚುನಾವಣೆ ನಡೆಯುವುದಿಲ್ಲ, ಯಾರೂ ರೀಲೋಡ್ ಆಗುವುದಿಲ್ಲ, ಅಂದರೆ ನಿಂತು ಮತ್ತೆ ಶುರುವಾಗುವುದಿಲ್ಲ.

ಎರಡು ತುದಿಯಲ್ಲಿ ಎರಡು ಬೇರೆ ಸ್ಟ್ಯಾಕ್ ಇದ್ದು, ಎರಡೂ ಆನ್ ಆಗಿದ್ದರೆ, ಹಾಕಬೇಡಿ. ಒಂದೇ ಒಂದು ಬಿಡಿ ಸ್ವಿಚ್ ಆದರೂ ಅಷ್ಟೇ, ಅದು ಆನ್ ಆಗಿದ್ದರೆ ಅದೂ ಒಂದೇ ಸ್ವಿಚ್ಚಿನ ಸ್ಟ್ಯಾಕೇ, ಅದಕ್ಕೂ ತಾನೇ ಮಾಸ್ಟರ್. ಎರಡು ಮಾಸ್ಟರ್ ಎದುರುಬದುರಾದರೆ ಒಬ್ಬ ಗೆಲ್ಲುತ್ತಾನೆ, ಸೋತವನ ಕಡೆಯ ಸ್ವಿಚ್ಚುಗಳೆಲ್ಲ ರೀಲೋಡ್ ಆಗಿ ಬಂದು ಸೇರುತ್ತವೆ. ಯಾರು ಸೋಲುತ್ತಾರೆ ಅಂತ ನಿಮಗೆ ಮೊದಲೇ ಖಾತ್ರಿ ಇಲ್ಲದಿದ್ದರೆ, ಹೊಸ ಖಾಲಿ ಸ್ವಿಚ್ ಗೆದ್ದು ನಿಮ್ಮ ಹಳೇ ಸ್ಟ್ಯಾಕ್ ಪೂರ್ತಿ ರೀಲೋಡ್ ಆಗುವ ಅಪಾಯವೂ ಇದೆ. ಸ್ಟ್ಯಾಕ್ ಕೇಬಲ್ ಮುಟ್ಟಿದರೆ ಎಲ್ಲ ಬೀಳುತ್ತದೆ ಎನ್ನುವ ಮಾತು ಬಂದಿರುವುದು ಇಂಥ ಕಡೆಯಿಂದ. ಯಾರೋ ಒಬ್ಬರು ಹೊಸ ಸ್ವಿಚ್ ಆನ್ ಮಾಡಿ ಇಟ್ಟುಕೊಂಡು ಕೇಬಲ್ ಚುಚ್ಚಿರುತ್ತಾರೆ, ಎಲ್ಲ ಬಿದ್ದಿರುತ್ತದೆ, ಆಮೇಲೆ ಯಾವ ಸ್ಟ್ಯಾಕ್ ಕೇಬಲ್ಲನ್ನೂ ಯಾರೂ ಮುಟ್ಟಿರುವುದಿಲ್ಲ.

ಹಾಗಾಗಿ ಕೇಬಲ್ ಕೈಗೆ ತೆಗೆದುಕೊಳ್ಳುವ ಮೊದಲು "ಶೋ ಸ್ವಿಚ್ ನೇಬರ್ಸ್" ಕೊಡಿ. ಸಣ್ಣ ಪಟ್ಟಿ ಬರುತ್ತದೆ. ಒಂದನೆಯ ಸ್ವಿಚ್ಚಿನ ಎದುರು ಒಂದು ಪೋರ್ಟಿನಲ್ಲಿ "ನನ್" (None, ಅಂದರೆ ಯಾರೂ ಇಲ್ಲ), ಇನ್ನೊಂದರಲ್ಲಿ 2. ಎರಡನೆಯದರ ಎದುರು 1 ಮತ್ತು 3. ಮೂರನೆಯದಕ್ಕೆ 2 ಮತ್ತು 4. ನಾಲ್ಕನೆಯದಕ್ಕೆ 3 ಮತ್ತು "ನನ್". ಪಟ್ಟಿಯಲ್ಲಿ ಸರಿಯಾಗಿ ಎರಡು "ನನ್" ಇರಬೇಕು. ಆ ಎರಡು "ನನ್"ಗಳ ನಡುವೆಯೇ ನಿಮ್ಮ ಕೇಬಲ್ ಹೋಗಬೇಕು, ಬೇರೆ ಎಲ್ಲಿಯೂ ಜಾಗ ಇಲ್ಲ. ಒಬ್ಬೊಬ್ಬರಿಗೆ ಎರಡೇ ಸ್ಟ್ಯಾಕ್ ಪೋರ್ಟ್ ಇರುವುದರಿಂದ ಸರಪಳಿಯಲ್ಲಿ ಖಾಲಿ ಉಳಿಯುವುದು ಎರಡು ತುದಿಗಳಲ್ಲಿ ಮಾತ್ರ.

ಒಂದು ಮಾತು ಗಮನಿಸಿ. ಪಟ್ಟಿಯಲ್ಲಿ 1 ಅಂತ ಇರುವುದು ರ್ಯಾಕಿನಲ್ಲಿ ಮೇಲಿರುವ ಸ್ವಿಚ್ಚೇ ಆಗಬೇಕೆಂದಿಲ್ಲ. ಒಮ್ಮೆ ಸ್ವಿಚ್ ಬದಲಾಯಿಸಿದ ಮೇಲೆ ನಂಬರುಗಳು ಮೇಲೆ ಕೆಳಗೆ ಆಗಿರುತ್ತವೆ. ಮುಂಭಾಗದಲ್ಲಿ ಮೋಡ್ ಬಟನ್ ಒತ್ತಿ ಸ್ಟ್ಯಾಕ್ ದೀಪಕ್ಕೆ ತಂದರೆ ಯಾವುದರ ನಂಬರ್ ಏನು ಅಂತ ಪೋರ್ಟಿನ ದೀಪದಲ್ಲಿ ಕಾಣುತ್ತದೆ. ನೋಡಿ, ಒಂದೊಂದಕ್ಕೂ ಟೇಪ್ ಅಂಟಿಸಿ ನಂಬರ್ ಬರೆಯಿರಿ. ಹಿಂದೆಯೂ ಬರೆಯಿರಿ. ರ್ಯಾಕಿನ ಹಿಂದೆ ನಿಂತಾಗ ಎಡ ಬಲ ಅದಲುಬದಲಾಗುವುದು ಎಲ್ಲರಿಗೂ ಆಗುತ್ತದೆ.

ಕೇಬಲ್ ಹಾಕುವುದು

ಸ್ಟ್ಯಾಕ್‌ವೈಸ್ ಕೇಬಲ್ಲುಗಳು 50 ಸೆಂಟಿಮೀಟರ್, 1 ಮೀಟರ್, 3 ಮೀಟರ್ ಉದ್ದದಲ್ಲಿ ಬರುತ್ತವೆ. ಸ್ವಿಚ್ಚಿನ ಡಬ್ಬದ ಜೊತೆ ಸಾಮಾನ್ಯವಾಗಿ ಸಿಗುವುದು 50 ಸೆಂಟಿಮೀಟರಿನದು. ನಮ್ಮ ಸ್ಟ್ಯಾಕುಗಳೆಲ್ಲ ಸರಪಳಿಯಾಗಿ ಉಳಿದದ್ದಕ್ಕೆ ನನ್ನ ಪ್ರಕಾರ ಇದೇ ದೊಡ್ಡ ಕಾರಣ. ಪಕ್ಕಪಕ್ಕದವಕ್ಕೆ ಗಿಡ್ಡ ಕೇಬಲ್ ಸಾಕು. ಆದರೆ ಸ್ವಿಚ್ಚುಗಳ ನಡುವೆ ಪ್ಯಾಚ್ ಪ್ಯಾನೆಲ್, ಕೇಬಲ್ ಮ್ಯಾನೇಜರ್ ಎಲ್ಲ ಕೂರಿಸಿದ ಮೇಲೆ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಅದು ಮುಟ್ಟುವುದಿಲ್ಲ. ಅಳೆದು ನೋಡಿದರೆ ಮುಟ್ಟೀತು ಅನ್ನಿಸಿದರೂ, ಈ ಕೇಬಲ್ ದಪ್ಪ, ಎರಡೂ ತುದಿಯಲ್ಲಿ ದುಂಡಗೆ ಬಾಗಲು ಜಾಗ ಬೇಕು. ಇನ್‌ಸ್ಟಾಲ್ ಮಾಡಲು ಬಂದವರ ಹತ್ತಿರ ಆ ದಿನ ಉದ್ದದ್ದು ಇರಲಿಲ್ಲ, "ಆಮೇಲೆ ಹಾಕಿದರಾಯಿತು" ಅಂತ ಹೋದರು, ಆ ಆಮೇಲೆ ಬರಲೇ ಇಲ್ಲ. ಹಾಗಾಗಿ 1 ಮೀಟರ್ ಕೇಬಲ್ ತರಿಸಿ. ಬೆಂಗಳೂರಿನಲ್ಲಿ ಸಿಗುತ್ತದೆ, ರಾತ್ರಿ ಬಸ್ಸಿಗೆ ಹಾಕಿಸಿದರೆ ಬೆಳಿಗ್ಗೆ ಶಿವಮೊಗ್ಗದಲ್ಲಿ ಇರುತ್ತದೆ. ಮಾಡೆಲ್ ಮಾತ್ರ ಸರಿಯಾಗಿ ಹೇಳಿ, 3750ಯ ಕೇಬಲ್ 2960 ಎಕ್ಸ್‌ಗೆ ಆಗುವುದಿಲ್ಲ, 9300ಗೂ ಆಗುವುದಿಲ್ಲ.

ಹೊಸದಾಗಿ ಸ್ಟ್ಯಾಕ್ ಕಟ್ಟುವವರಿಗೆ ಗಿಡ್ಡ ಕೇಬಲ್ಲಿನಲ್ಲೇ ಉಂಗುರ ಮಾಡುವ ದಾರಿ ಇದೆ. ಒಂದನ್ನು ಬಿಟ್ಟು ಒಂದಕ್ಕೆ ಕೊಡುತ್ತಾ ಹೋಗುವುದು. ಒಂದರಿಂದ ಎರಡಕ್ಕೆ, ಎರಡರಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ. ಯಾವ ಕೇಬಲ್ಲೂ ಎರಡು ಸ್ವಿಚ್ಚಿಗಿಂತ ದೂರ ಹೋಗುವುದಿಲ್ಲ. ಆದರೆ ಓಡುತ್ತಿರುವ ಸರಪಳಿಯನ್ನು ಈ ವಿನ್ಯಾಸಕ್ಕೆ ತರಲು ಹೋಗಬೇಡಿ, ನಡುವೆ ಎಲ್ಲೋ ಸ್ಟ್ಯಾಕ್ ಒಡೆದೇ ಒಡೆಯುತ್ತದೆ. ಓಡುತ್ತಿರುವುದಕ್ಕೆ ಉದ್ದ ಕೇಬಲ್ಲೇ ಸರಿ.

ಹಾಕುವ ಮೊದಲು ಕಾನ್ಫಿಗರೇಶನ್ ಸೇವ್ ಮಾಡಿ ಅದರ ಪ್ರತಿಯನ್ನು ಸ್ಟ್ಯಾಕಿನ ಹೊರಗೆ ತೆಗೆದಿಡಿ. ಕನ್ಸೋಲ್ ಕೇಬಲ್ (ಕಂಪ್ಯೂಟರನ್ನು ನೇರ ಸ್ವಿಚ್ಚಿಗೆ ಜೋಡಿಸುವುದು) ಹಾಕಿಕೊಂಡು ಲಾಗ್ ಕಾಣುವ ಹಾಗೆ ಕೂತುಕೊಳ್ಳಿ, ಇನ್ನೊಂದು ಕಿಟಕಿಯಲ್ಲಿ ಪಿಂಗ್ ಓಡುತ್ತಿರಲಿ. ನಂತರ ಖಾಲಿ ಪೋರ್ಟಿನ ಒಳಗೆ ಒಮ್ಮೆ ಬೆಳಕು ಬಿಟ್ಟು ನೋಡಿ. ಇದನ್ನು ಬಯಲುಸೀಮೆಯವರಿಗೆ ಹೇಳುವ ಅಗತ್ಯ ಇಲ್ಲ, ನಮಗೆ ಇದೆ. ವರ್ಷಗಟ್ಟಲೆ ಮುಚ್ಚಳ ಇಲ್ಲದೆ ಬಿಟ್ಟ ಪೋರ್ಟ್ ಅದು. ಮಳೆಗಾಲದ ತೇವ ಅಲ್ಲಿ ಕೂತಿರುತ್ತದೆ, ಧೂಳು ಹಿಟ್ಟಿನ ಹಾಗೆ ಅಂಟಿಕೊಂಡಿರುತ್ತದೆ, ಇರುವೆ ಗೂಡು ಕಟ್ಟಿದ್ದರೂ ಆಶ್ಚರ್ಯ ಇಲ್ಲ. ಬ್ಲೋಯರ್‌ನಿಂದ ಮೆಲ್ಲಗೆ ಊದಿ. ಹಸಿ ಬಟ್ಟೆ, ಕಡ್ಡಿ ಏನೂ ಹಾಕಬೇಡಿ, ಪಕ್ಕದ ಪೋರ್ಟಿನಲ್ಲಿ ಜೀವಂತ ಕೇಬಲ್ ಇದೆ.

ಆ ಪಕ್ಕದ ಕೇಬಲ್ಲೇ ಈ ಕೆಲಸದ ನಿಜವಾದ ಅಪಾಯ. ಸರಪಳಿಯಲ್ಲಿ ಇರುವಾಗ ಅದು ಒಂದು ಕ್ಷಣ ಕಿತ್ತು ಬಂದರೂ ಸ್ಟ್ಯಾಕ್ ಎರಡಾಗುತ್ತದೆ. ಸ್ಟ್ಯಾಕ್ ಕನೆಕ್ಟರುಗಳು ಅಗಲವಾಗಿ, ಭಾರವಾಗಿ ಇರುತ್ತವೆ, ಪೋರ್ಟುಗಳು ಒತ್ತೊತ್ತಾಗಿ ಇರುತ್ತವೆ, ಒಂದನ್ನು ಅಲುಗಾಡಿಸಿದರೆ ಪಕ್ಕದ್ದೂ ಅಲುಗುತ್ತದೆ. ಅದಕ್ಕೇ ಹೊಸದನ್ನು ಹಾಕುವ ಮೊದಲು ಹಳೆಯ ಕನೆಕ್ಟರುಗಳ ಸ್ಕ್ರೂ ಗಟ್ಟಿ ಇದೆಯಾ ಅಂತ ಬೆರಳಿನಲ್ಲೇ ನೋಡಿ. ಎಷ್ಟೋ ಕಡೆ ಸ್ಕ್ರೂ ತಿರುಗಿಸದೆ ಸುಮ್ನೆ ಚುಚ್ಚಿ ಹೋಗಿರುತ್ತಾರೆ. ಹಾಗಿದ್ದರೆ ಒಂದು ಕೈಯಲ್ಲಿ ಕನೆಕ್ಟರನ್ನು ಒಳಕ್ಕೆ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ತಿರುಗಿಸಿ. ಈಗ ಹೊಸ ಕೇಬಲ್ಲನ್ನು ನೇರವಾಗಿ ಒಳಕ್ಕೆ ಒತ್ತಿ. ಓರೆಯಾಗಿ ಬೇಡ. ಎರಡು ಸ್ಕ್ರೂಗಳನ್ನು ಸ್ವಲ್ಪ ಅದು, ಸ್ವಲ್ಪ ಇದು ಅಂತ ಬಿಗಿ ಮಾಡಿ, ಒಂದನ್ನೇ ಪೂರ್ತಿ ತಿರುಗಿಸಿದರೆ ಕನೆಕ್ಟರ್ ಒಂದು ಕಡೆಗೆ ವಾಲುತ್ತದೆ. ಮೊದಲ ತುದಿ ಕೂತ ಮೇಲೆ ಕೇಬಲ್ಲನ್ನು ರ್ಯಾಕಿನ ಕಂಬಕ್ಕೆ ವೆಲ್ಕ್ರೋದಲ್ಲಿ ಕಟ್ಟಿ, ಭಾರ ಪೋರ್ಟಿನ ಮೇಲೆ ಬೀಳಬಾರದು. ಆಮೇಲೆ ಎರಡನೆಯ ತುದಿ.

ಎರಡನೆಯ ತುದಿ ಕೂತ ಕೂಡಲೇ ಕನ್ಸೋಲಿನಲ್ಲಿ ಸ್ಟ್ಯಾಕ್ ಪೋರ್ಟ್ ಅಪ್ ಆಯಿತು ಅಂತ ಸಾಲುಗಳು ಬರುತ್ತವೆ, ಎರಡು ಸ್ವಿಚ್ಚಿನದೂ. ಪಿಂಗ್ ನಿಂತಿರುವುದಿಲ್ಲ. "ಶೋ ಸ್ವಿಚ್ ಸ್ಟ್ಯಾಕ್-ರಿಂಗ್ ಸ್ಪೀಡ್" ಕೊಟ್ಟರೆ ಮೊದಲು "ಹಾಫ್" ಇದ್ದದ್ದು ಈಗ "ಫುಲ್" ಆಗಿರಬೇಕು. ನೇಬರ್ಸ್ ಪಟ್ಟಿಯಲ್ಲಿ "ನನ್" ಒಂದೂ ಇರಬಾರದು.

ಇಲ್ಲಿಗೇ ಎದ್ದು ಹೋಗಬೇಡಿ. "ಶೋ ಸ್ವಿಚ್ ಸ್ಟ್ಯಾಕ್-ಪೋರ್ಟ್ಸ್ ಸಮ್ಮರಿ" ಅಂತ ಇನ್ನೊಂದಿದೆ. ಅದರಲ್ಲಿ ಒಂದೊಂದು ಪೋರ್ಟಿನ ಸ್ಥಿತಿ, ಕೇಬಲ್ಲಿನ ಉದ್ದ ಎಲ್ಲ ಕಾಣುತ್ತದೆ, ಕೊನೆಯ ಕಡೆ ಲಿಂಕ್ ಎಷ್ಟು ಸಲ ಬದಲಾಗಿದೆ ಅನ್ನುವ ಎಣಿಕೆಯೂ ಇರುತ್ತದೆ. ಆ ಎಣಿಕೆ ಬರೆದಿಟ್ಟುಕೊಳ್ಳಿ. ಚಹಾ ಕುಡಿದು ಬಂದು ಮತ್ತೆ ನೋಡಿ. ಅಷ್ಟೇ ಇದ್ದರೆ ಕೇಬಲ್ ಚೆನ್ನಾಗಿ ಕೂತಿದೆ. ಏರುತ್ತಾ ಇದ್ದರೆ ಲಿಂಕ್ ಹೋಗಿ ಬಂದು ಮಾಡುತ್ತಿದೆ, ಕನೆಕ್ಟರ್ ಸರಿಯಾಗಿ ಕೂತಿಲ್ಲ, ಅಥವಾ ಸೆಕೆಂಡ್ ಹ್ಯಾಂಡ್ ಕೇಬಲ್ಲೇ ಹಾಳಾಗಿದೆ. ಅಂಥ ಕೇಬಲ್ಲನ್ನು ಇಟ್ಟುಕೊಳ್ಳುವುದಕ್ಕಿಂತ ತೆಗೆಯುವುದು ವಾಸಿ.

ಉಂಗುರ ನಿಜವಾಗಿ ಕೆಲಸ ಮಾಡುತ್ತದಾ ಅಂತ ಪರೀಕ್ಷೆ ಮಾಡಲೇಬೇಕು. ಕೇಬಲ್ ಕಿತ್ತು ನೋಡುವುದಕ್ಕಿಂತ ಒಳ್ಳೆಯ ದಾರಿ ಇದೆ. 3750ಯಂಥ ಸ್ವಿಚ್ಚಿನಲ್ಲಿ "ಸ್ವಿಚ್ 1 ಸ್ಟ್ಯಾಕ್ ಪೋರ್ಟ್ 2 ಡಿಸೇಬಲ್" ಅಂತ ಕೊಟ್ಟು ಒಂದು ಸ್ಟ್ಯಾಕ್ ಪೋರ್ಟನ್ನು ಸಾಫ್ಟ್‌ವೇರಿನಿಂದಲೇ ಮುಚ್ಚಬಹುದು. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಏನೆಂದರೆ, ಉಂಗುರ ಪೂರ್ತಿ ಇಲ್ಲದಿದ್ದರೆ ಸ್ವಿಚ್ಚೇ ಈ ಕಮಾಂಡನ್ನು ಒಪ್ಪುವುದಿಲ್ಲ, ಈಗಿನ ಸ್ಥಿತಿಯಲ್ಲಿ ಆಗುವುದಿಲ್ಲ ಅಂತ ಹೇಳುತ್ತದೆ. ಪೂರ್ತಿ ಇದ್ದರೆ ಒಮ್ಮೆ ಖಾತ್ರಿ ಕೇಳಿ ಮುಚ್ಚುತ್ತದೆ. ಪಿಂಗ್ ನೋಡಿ, "ಹಾಫ್" ಆಗಿದ್ದನ್ನು ನೋಡಿ, ಮತ್ತೆ "ಎನೇಬಲ್" ಮಾಡಿ. ನಡುವಿನ ಒಂದು ಪೋರ್ಟನ್ನು ಮುಚ್ಚಿ ನೋಡಿದರೆ ಇನ್ನೂ ಒಳ್ಳೆಯದು, ಹೊಸ ಕೇಬಲ್ ಅಲ್ಲಿಯ ಟ್ರಾಫಿಕ್ ಹೊರುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಅಪ್‌ಲಿಂಕ್ ಕೂಡ ಎರಡಾಗಬೇಕು

ಉಂಗುರ ಆಯಿತು. ಆದರೆ ಕೋರ್ ಸ್ವಿಚ್ಚಿಗೆ (ಎಲ್ಲ ಸ್ಟ್ಯಾಕುಗಳೂ ಬಂದು ಸೇರುವ ಮುಖ್ಯ ಸ್ವಿಚ್ಚಿಗೆ) ಹೋಗುವ ಫೈಬರ್ ಒಂದೇ ಇದ್ದು, ಅದು ಇರುವ ಸ್ವಿಚ್ಚೇ ಸತ್ತರೆ? ಹಾಗಾಗಿ ಎರಡನೆಯ ಅಪ್‌ಲಿಂಕ್ ಬೇಕು, ಅದು ಸ್ಟ್ಯಾಕಿನ ಬೇರೆ ಸ್ವಿಚ್ಚಿನಲ್ಲಿ ಇರಬೇಕು. ಎರಡನ್ನೂ ಸೇರಿಸಿ ಎಲ್‌ಎಸಿಪಿಯಲ್ಲಿ (ಎರಡೂ ಕಡೆಯ ಸ್ವಿಚ್ಚುಗಳು ಮಾತಾಡಿಕೊಂಡು ಲಿಂಕುಗಳನ್ನು ಒಂದಾಗಿಸುವ ವಿಧಾನ) ಒಂದೇ ಚಾನಲ್ ಮಾಡಿದರೆ ಎರಡೂ ಕೆಲಸ ಮಾಡುತ್ತವೆ, ಒಂದು ಹೋದರೆ ಇನ್ನೊಂದು ಹೊರುತ್ತದೆ.

ಇಲ್ಲಿ ಜನ ಸಾಮಾನ್ಯವಾಗಿ ಎಡವುವುದು ಓಡುತ್ತಿರುವ ಪೋರ್ಟನ್ನು ನೇರವಾಗಿ ಚಾನಲ್ಲಿಗೆ ಸೇರಿಸಲು ಹೋಗಿ. ಹಾಗೆ ಮಾಡಿದರೆ ಆ ಪೋರ್ಟ್ ಒಮ್ಮೆ ಬಿದ್ದು ಏಳುತ್ತದೆ, ಎದುರಿನ ಕಡೆ ಇನ್ನೂ ಚಾನಲ್ ಆಗಿಲ್ಲದಿದ್ದರೆ ಏಳದೆಯೂ ಇರಬಹುದು, ನೀವು ದೂರದಿಂದ ಲಾಗಿನ್ ಆಗಿದ್ದರೆ ನಿಮ್ಮ ಕೈಯೇ ತಪ್ಪಿ ಹೋಗುತ್ತದೆ. ಅದಕ್ಕೆ ಬದಲು ಹೊಸ ಲಿಂಕಿನಿಂದ ಶುರು ಮಾಡಿ. ಎರಡೂ ಕಡೆ ಹೊಸ ಪೋರ್ಟನ್ನು ಶಟ್ ಮಾಡಿ (ಮುಚ್ಚಿ) ಇಟ್ಟು, ಅದೊಂದನ್ನೇ ಚಾನಲ್ಲಿಗೆ ಹಾಕಿ, ಮೋಡ್ "ಆಕ್ಟಿವ್". ಟ್ರಂಕ್ ಸೆಟ್ಟಿಂಗ್ ಮತ್ತು ವಿಲ್ಯಾನ್ (ಒಂದೇ ಕೇಬಲ್ಲಿನಲ್ಲಿ ಹೋಗುವ ಬೇರೆಬೇರೆ ನೆಟ್‌ವರ್ಕುಗಳ) ಪಟ್ಟಿ ಹಳೆಯ ಲಿಂಕಿನಲ್ಲಿ ಇದ್ದಂತೆಯೇ ಇರಲಿ. ಫೈಬರ್ ಹಾಕಿ, ಎರಡೂ ಕಡೆ ತೆರೆಯಿರಿ. ಈಗ ಕೋರಿಗೆ ಎರಡು ದಾರಿ ಆಯಿತು, ಸ್ಪ್ಯಾನಿಂಗ್ ಟ್ರೀ ಒಂದನ್ನು ತಡೆದು ನಿಲ್ಲಿಸುತ್ತದೆ. ತಡೆಯಲೇಬೇಕು, ಹಾಗಾಗಿ ಅದು ಎರಡೂ ಕಡೆ ಓಡುತ್ತಿದೆಯಾ ಅಂತ ಮೊದಲೇ ನೋಡಿಕೊಂಡಿರಿ. ನಂತರ ಸ್ಟ್ಯಾಕಿನ ಕಡೆ ಹೊಸ ಚಾನಲ್ಲಿನ ಕಾಸ್ಟ್ (ಸ್ಪ್ಯಾನಿಂಗ್ ಟ್ರೀ ದಾರಿ ಆರಿಸಲು ನೋಡುವ ಅಂಕಿ) ಕಡಿಮೆ ಮಾಡಿ. ಟ್ರಾಫಿಕ್ ಅದರ ಮೇಲಕ್ಕೆ ಬರುತ್ತದೆ. ರ್ಯಾಪಿಡ್ ಸ್ಪ್ಯಾನಿಂಗ್ ಟ್ರೀ ಇದ್ದರೆ ಒಂದೆರಡು ಪಿಂಗ್ ಹೋದರೆ ಹೆಚ್ಚು. ಹಳೆಯ ಸ್ಪ್ಯಾನಿಂಗ್ ಟ್ರೀ (802.1ಡಿ) ಆಗಿದ್ದರೆ 30 ಸೆಕೆಂಡ್ ನಿಂತು ಬಿಡುತ್ತದೆ, ಅಂಥ ಕಡೆ ಮೊದಲು ರ್ಯಾಪಿಡ್‌ಗೆ ಬದಲಾಗಿ, ಅದನ್ನು ಮಾತ್ರ ಯಾರೂ ಇಲ್ಲದ ಹೊತ್ತಿನಲ್ಲಿ ಮಾಡಿ. ಈಗ ಹಳೆಯ ಲಿಂಕಿನಲ್ಲಿ ಯಾರೂ ಇಲ್ಲ. ಅದನ್ನು ನಿಧಾನವಾಗಿ ಶಟ್ ಮಾಡಿ, ಎರಡೂ ಕಡೆ ಅದೇ ಚಾನಲ್ಲಿಗೆ ಸೇರಿಸಿ, ತೆರೆಯಿರಿ. "ಶೋ ಈಥರ್‌ಚಾನಲ್ ಸಮ್ಮರಿ"ಯಲ್ಲಿ ಎರಡು ಪೋರ್ಟಿನ ಎದುರೂ "ಪಿ" (ಚಾನಲ್ಲಿಗೆ ಸೇರಿದೆ) ಅಂತ ಬರಬೇಕು.

ಮೋಡ್ "ಆನ್" ಬಳಸಬೇಡಿ. ಅದು ಎದುರಿನವನ ಜೊತೆ ಮಾತೇ ಆಡುವುದಿಲ್ಲ. ಒಂದು ಕಡೆ ಚಾನಲ್, ಇನ್ನೊಂದು ಕಡೆ ಬಿಡಿ ಪೋರ್ಟುಗಳು ಅಂತ ಆದರೆ ಲೂಪಿಗೆ ದಾರಿ ಮಾಡಿಕೊಟ್ಟ ಹಾಗೆ.

ಇನ್ನು ಫೈಬರ್ ಹೋಗುವ ದಾರಿ. ಆಗುಂಬೆ ಘಾಟಿಯಲ್ಲಿ ಮಣ್ಣು ಕುಸಿದರೆ ನಾವು ಹುಲಿಕಲ್ ಘಾಟಿಯಿಂದ ಇಳಿದು ಕರಾವಳಿ ಸೇರುತ್ತೇವೆ, ಎರಡೂ ರಸ್ತೆ ಬೇರೆಬೇರೆ ಗುಡ್ಡದಲ್ಲಿ ಇರುವುದರಿಂದಲೇ ಅದು ಸಾಧ್ಯ. ನಿಮ್ಮ ಎರಡೂ ಫೈಬರ್ ಒಂದೇ ಪಿವಿಸಿ ಪೈಪಿನಲ್ಲಿ, ಒಂದೇ ಸಂಪಿಗೆ ಮರದ ಕೆಳಗೆ ಹೋಗುತ್ತಿದ್ದರೆ ಜೆಸಿಬಿಯ ಒಂದೇ ಏಟಿಗೆ ಎರಡೂ ಹೋಗುತ್ತವೆ. ಒಂದನ್ನು ಕಟ್ಟಡದ ಮುಂದಿನಿಂದ, ಇನ್ನೊಂದನ್ನು ಹಿಂದಿನಿಂದ ತನ್ನಿ. ಇದಕ್ಕೆ ಖರ್ಚಿದೆ, ಗೊತ್ತು. ಆದರೂ ಮುಂದಿನ ಸಲ ಅಗೆಯುವ ಕೆಲಸ ಯಾವುದಾದರೂ ನಡೆದಾಗ ಒಂದು ಖಾಲಿ ಪೈಪ್ ಹಾಕಿಸಿ ಬಿಡಿ ಅಂತ ಮ್ಯಾನೇಜ್‌ಮೆಂಟಿಗೆ ಈಗಲೇ ಬರೆದು ಕೊಡಿ. ಮತ್ತು ಎಲ್ಲಾ ಸ್ವಿಚ್ಚೂ ಒಂದೇ ಯುಪಿಎಸ್ಸಿನಲ್ಲಿದ್ದರೆ, ಅಪ್‌ಲಿಂಕ್ ಇರುವ ಎರಡು ಸ್ವಿಚ್ಚುಗಳನ್ನಾದರೂ ಬೇರೆಬೇರೆ ಯುಪಿಎಸ್ಸಿಗೆ ಕೊಡಿ.

ಬೇರೆ ಕಂಪನಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಜೂನಿಪರ್‌ನ ವರ್ಚುವಲ್ ಚಾಸಿಸ್, ಎಚ್‌ಪಿಯ ಐಆರ್‌ಎಫ್, ಅರೂಬಾದ ವಿಎಸ್‌ಎಫ್ ಇವುಗಳಲ್ಲೂ ಉಂಗುರದ ಲೆಕ್ಕ ಒಂದೇ. ಆದರೆ ಇವುಗಳಲ್ಲಿ ಎಷ್ಟೋ ಮಾಡೆಲ್‌ಗಳು ಮುಂದಿನ ಮಾಮೂಲಿ ಫೈಬರ್ ಪೋರ್ಟುಗಳನ್ನೇ ಸ್ಟ್ಯಾಕಿಗೆ ಬಳಸುತ್ತವೆ. ಅಲ್ಲಿ ಕೇಬಲ್ ಹಾಕುವ ಮೊದಲೇ ಎರಡೂ ತುದಿಯ ಪೋರ್ಟನ್ನು ಸ್ಟ್ಯಾಕ್ ಪೋರ್ಟ್ ಅಂತ ಮಾಡಿರಬೇಕು. ಮಾಡದೆ ಹಾಕಿದರೆ ಅದು ಸ್ವಿಚ್ಚಿನಿಂದ ಅದೇ ಸ್ವಿಚ್ಚಿಗೆ ಹಾಕಿದ ಮಾಮೂಲಿ ಕೇಬಲ್, ಅಂದರೆ ಲೂಪ್. ಐಆರ್‌ಎಫ್‌ನಲ್ಲಿ ಒಡೆದ ಎರಡು ಭಾಗ ಒಂದನ್ನೊಂದು ಪತ್ತೆ ಹಚ್ಚಿ ಒಂದು ಸುಮ್ಮನಾಗುವ ಮ್ಯಾಡ್ ಎಂಬ ವ್ಯವಸ್ಥೆ ಇದೆ, ಇದ್ದವರು ದಯವಿಟ್ಟು ಆನ್ ಮಾಡಿಕೊಳ್ಳಿ.

ಬಂದ ಪ್ರಶ್ನೆಗಳು

ಸಾಗರದಿಂದ ಬಂದಿದ್ದವರು ಕೇಳಿದರು: "ಸ್ಟ್ಯಾಕ್ ಈಗಾಗಲೇ ಎರಡಾಗಿ ಒಡೆದಿದೆ ಅಂದುಕೊಳ್ಳಿ. ಬಿದ್ದ ಕೇಬಲ್ಲನ್ನು ಮತ್ತೆ ಚುಚ್ಚಿದರೆ ಆಗಲ್ವಾ?"

ಚುಚ್ಚಿದರೆ ಎರಡು ಮಾಸ್ಟರ್ ಎದುರುಬದುರು, ಒಂದು ಕಡೆಯವು ರೀಲೋಡ್ ಆಗುತ್ತವೆ. ಯಾವ ಕಡೆ ಅಂತ ಸ್ವಿಚ್ಚುಗಳು ತೀರ್ಮಾನಿಸುವುದಕ್ಕೆ ಬಿಡುವ ಬದಲು ನೀವೇ ತೀರ್ಮಾನಿಸಿ. ಹೇಗೂ ನೆಟ್‌ವರ್ಕ್ ಇಲ್ಲದೆ ಕೂತಿರುವ ಭಾಗವನ್ನು ಆಫ್ ಮಾಡಿ, ಕೇಬಲ್ ಹಾಕಿ, ಆನ್ ಮಾಡಿ. ಕೆಲಸ ಮಾಡುತ್ತಿರುವ ಭಾಗಕ್ಕೆ ಏನೂ ಆಗುವುದಿಲ್ಲ. ಮಾಸ್ಟರ್ ಆಗಬೇಕಾದ ಸ್ವಿಚ್ಚಿಗೆ ಪ್ರಿಯಾರಿಟಿ 15 ಕೊಟ್ಟಿಡಿ. ಅದು 1ರಿಂದ 15ರ ತನಕ ಇರುತ್ತದೆ, ಏನೂ ಕೊಡದಿದ್ದರೆ 1. ಓಡುತ್ತಿರುವಾಗ ಬದಲಾಯಿಸಿದರೂ ತಕ್ಷಣ ಏನೂ ಆಗುವುದಿಲ್ಲ, ಮುಂದಿನ ಚುನಾವಣೆಗೆ ಲೆಕ್ಕಕ್ಕೆ ಬರುತ್ತದೆ.

"ನಮ್ಮದು ಎರಡೇ ಸ್ವಿಚ್, ಒಂದು ಕೇಬಲ್ ಇದೆ. ಉಂಗುರ ಹೇಗೆ?"

ಇನ್ನೊಂದು ಕೇಬಲ್ ಹಾಕಿ. ಒಂದರ ಎರಡೂ ಪೋರ್ಟ್, ಇನ್ನೊಂದರ ಎರಡೂ ಪೋರ್ಟ್. ಎರಡೇ ಇರುವುದರಿಂದ 50 ಸೆಂಟಿಮೀಟರಿನದೇ ಸಾಕು, ಸ್ವಿಚ್ಚಿನ ಡಬ್ಬದಲ್ಲಿ ಬಂದದ್ದು ನಿಮ್ಮ ಸ್ಟೋರ್ ರೂಮಿನಲ್ಲೇ ಬಿದ್ದಿರಬಹುದು, ಹುಡುಕಿ.

ತೀರ್ಥಹಳ್ಳಿಯ ಕಡೆಯವರು: "ಹಗಲೇ ಹಾಕಬಹುದು ಅಂದಿರಿ. ನಮ್ಮ ಆಸ್ಪತ್ರೆಯಲ್ಲಿ ಓಪಿಡಿ ನಡೆಯುವಾಗ ನನಗೆ ಧೈರ್ಯ ಬರೋದಿಲ್ಲ."

ಬರಬೇಕಿಲ್ಲ. ಓಪಿಡಿ ಚೀಟಿ ಕೊಡುವ ಹೊತ್ತಿನಲ್ಲಿ ಮಾಡಲೇಬೇಕು ಅಂತ ನಾನು ಹೇಳುತ್ತಿಲ್ಲ. ಕೇಬಲ್ಲಿನಿಂದ ಸ್ಟ್ಯಾಕ್ ಬೀಳುವುದಿಲ್ಲ, ಆದರೆ ಕೈ ತಗುಲಿ ಪಕ್ಕದ ಕೇಬಲ್ ಬೀಳಬಹುದು, ಪವರ್ ಕಾರ್ಡ್ ಸಡಿಲವಾಗಿರಬಹುದು, ರ್ಯಾಕ್ ಗೋಡೆಗೆ ಒತ್ತಿಕೊಂಡಿದ್ದರೆ ಹಿಂದೆ ಕೈ ಹೋಗುವುದೇ ಕಷ್ಟ. ಸಂಜೆ ಜನ ಕಡಿಮೆಯಾದ ಮೇಲೆ ಮಾಡಿ, ಇನ್ನೊಬ್ಬರು ಟಾರ್ಚ್ ಹಿಡಿದು ನಿಲ್ಲಲಿ. ನಾನು ಬೇಡ ಅನ್ನುತ್ತಿರುವುದು, ಇದಕ್ಕೋಸ್ಕರ ನೆಟ್‌ವರ್ಕ್ ನಿಲ್ಲಿಸುವ ಅನುಮತಿ ಬರಲಿ ಅಂತ ತಿಂಗಳುಗಟ್ಟಲೆ ಕಾಯುವುದನ್ನು.

"ಮಳೆಗಾಲ ಮುಗಿದ ಮೇಲೆ ಮಾಡಿದರೆ?"

ಮಳೆಗೆ ಮೊದಲು ಮಾಡಿ. ಸಿಡಿಲು ಬರುವುದೇ ಮುಂಗಾರಿಗೆ ಮೊದಲು, ಕರೆಂಟ್ ಆಟ ಆಡುವುದು ಆರಿದ್ರಾ, ಪುನರ್ವಸು ಮಳೆಯಲ್ಲಿ. ಕೇಬಲ್ ಹಾಕಿದ ದಿನ "ಸ್ಟ್ಯಾಕ್-ಪೋರ್ಟ್ಸ್ ಸಮ್ಮರಿ"ಯಲ್ಲಿ ಕಂಡ ಲಿಂಕ್ ಬದಲಾವಣೆಯ ಎಣಿಕೆಯನ್ನು ರ್ಯಾಕಿನ ಬಾಗಿಲ ಒಳಗೆ ಚೀಟಿಯಲ್ಲಿ ಬರೆದು ಅಂಟಿಸಿ, ಪಕ್ಕದಲ್ಲಿ ತಾರೀಕು. ಪ್ರತಿ ಜೋರು ಮಳೆ ಆದ ಮೇಲೆ ಅದೇ ಕಮಾಂಡ್ ಕೊಟ್ಟು ಕೆಳಗೆ ಇನ್ನೊಂದು ಸಾಲು ಬರೆಯಿರಿ. ಎಣಿಕೆ ಏರಿದ ಪೋರ್ಟನ್ನು ಅವತ್ತೇ ನೋಡಿ.